ಎಬ್ಬಿಸೋ ಅಕ್ಕ

ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಎಬ್ಬಿಸುವ ಹೆಂಗಸು ಅವಳು. ಆದರೆ ಅವಳನ್ನು ಎಬ್ಬಿಸಲು ದಿನಾ ಬೆಳಿಗ್ಗೆ ಒಬ್ಬ ಗಂಡ ಬೇಕಾಗಿತ್ತು. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡವನು. ಕಾಫಿ ಬೆರೆಸಿ ಲೋಟವನ್ನು ಅವಳ ದಿಂಬಿನ ಪಕ್ಕ ಇಟ್ಟು "ಲೇ, ಏಳೇ" ಅನ್ನುವನು. ಒಂದು ಷರಟಿಗೆ ಕಾಲರು ಕೂಡಿಸಿ ಬಂದು ನೋಡಿದರೆ ಕಾಫಿಯ ಮೇಲೆ ಕೆನೆ ಕಟ್ಟಿರುತ್ತಿತ್ತು, ಹೆಂಡತಿ ಮಗ್ಗುಲು ಬದಲಿಸಿರುತ್ತಿದ್ದಳು.

"ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ತಾನು ಹೋಗಿ ಬಚ್ಚಲಲ್ಲಿ ಬಿತ್ತಂತೆ. ಊರಿನ ಮೆಷಿನ್‌ಗಳನ್ನೆಲ್ಲ ಎಬ್ಬಿಸ್ತೀಯ, ನಿನ್ನನ್ನ ಎಬ್ಬಿಸೋಕೆ ಯಾವ ಸ್ಕ್ರಿಪ್ಟ್ ಬರೀಬೇಕೇ?"

"ನನ್ನದು ಹಳೇ ಮಾದರಿ ಕಣ್ರೀ. ನಿಧಾನಕ್ಕೆ ಏಳುತ್ತೆ. ಎದ್ದ ಮೇಲೆ ಬೀಳಲ್ಲ," ಎಂದು ಅವಳು ಹೊದಿಕೆಯೊಳಗಿಂದಲೇ ಉತ್ತರ ಕೊಡುವಳು.

ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವಳು 'ಎಬ್ಬಿಸೋ ಅಕ್ಕ'. ಸೇರಿದ್ದು ದಾಖಲಾತಿ ಕೌಂಟರಿನಲ್ಲಿ ಟೈಪ್ ಮಾಡುವವಳಾಗಿ. ಕಂಪ್ಯೂಟರು ಕೆಟ್ಟಾಗಲೆಲ್ಲ ಹೊರಗಿನಿಂದ ರಿಪೇರಿಯವನು ಬರುವವರೆಗೆ ರೋಗಿಗಳು ಸಾಲಿನಲ್ಲಿ ನಿಂತು ಇವಳಿಗೆ ಶಾಪ ಹಾಕುತ್ತಿದ್ದರು. ಯಾರೋ ಮಾಡಿದ ತಪ್ಪಿಗೆ ಬೈಸಿಕೊಳ್ಳುವ ಜಾಯಮಾನ ಅವಳದ್ದಲ್ಲ. ರಿಪೇರಿಯವನ ಹೆಗಲ ಮೇಲಿಂದ ಬಗ್ಗಿ ನೋಡಿ ನೋಡಿ ಕಲಿತಳು, ಸಂಜೆಯ ತರಗತಿಗೆ ಸೇರಿ ಪರೀಕ್ಷೆ ಪಾಸು ಮಾಡಿದಳು, ಕೊನೆಗೆ ಆ ರಿಪೇರಿಯವನೇ ಇವಳಿಗೆ ಫೋನ್ ಮಾಡಿ ಸಲಹೆ ಕೇಳುವಂತಾಯಿತು. ಅದನ್ನು ಅವಳು ಯಾರ ಹತ್ತಿರವೂ ಮುಚ್ಚಿಡಲಿಲ್ಲ. ವಿನಯ ಗಿನಯ ಅವಳಿಗೆ ಒಗ್ಗುತ್ತಿರಲಿಲ್ಲ.

ಈಗ ಅವಳ ಪಾಲಿಗಿದ್ದ ಮುಖ್ಯ ಕೆಲಸ ರಕ್ತದ ಫ್ರಿಜ್‌ಗಳನ್ನು ಕಾಯುವುದು. ಆಸ್ಪತ್ರೆಯಲ್ಲಿ ಅಂಥ ಫ್ರಿಜ್‌ಗಳು ಮೂರು ಕಡೆ ಇದ್ದವು: ಮುಖ್ಯ ಕಟ್ಟಡದ ರಕ್ತನಿಧಿಯಲ್ಲಿ, ಹೆರಿಗೆ ವಾರ್ಡಿನಲ್ಲಿ, ಆಪರೇಷನ್ ಕಟ್ಟಡದಲ್ಲಿ. ಪ್ರತಿಯೊಂದರ ಪಕ್ಕದಲ್ಲೂ ಒಂದು ಕಂಪ್ಯೂಟರು, ಅದರೊಳಗೆ ಅವಳೇ ಬರೆದ 'ಕಾವಲು' ಎಂಬ ಪ್ರೋಗ್ರಾಂ. ಫ್ರಿಜ್ಜಿನೊಳಗೆ ಬಿಸಿ ಏರಿದರೆ ಕಾವಲು ಗಂಟೆ ಬಾರಿಸಬೇಕು. ಬಾರಿಸದಿದ್ದರೆ ರಕ್ತ ಕೆಟ್ಟಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಹೆರಿಗೆಯಲ್ಲಿ ರಕ್ತ ಹರಿಯತೊಡಗಿದ ತಾಯಿಗೆ ಅದೇ ಚೀಲವನ್ನು ತಂದು ಏರಿಸುತ್ತಾರೆ. ಇಷ್ಟೇ ವಿಷಯ. ಇಷ್ಟನ್ನು ಅವಳು ಒಂದು ದಿನವೂ ಮರೆತವಳಲ್ಲ.

ತೊಂದರೆ ಇದ್ದದ್ದು ಕರೆಂಟಿನಲ್ಲಿ. ಅದು ಹೇಳದೆ ಕೇಳದೆ ಹೋಗುತ್ತಿತ್ತು. ಜನರೇಟರು ಗುಡುಗುಟ್ಟಿ ಶುರುವಾಗುವಷ್ಟರಲ್ಲಿ ಕಂಪ್ಯೂಟರುಗಳೆಲ್ಲ ಒಮ್ಮೆ ಸತ್ತು ಹುಟ್ಟುತ್ತಿದ್ದವು. ಹುಟ್ಟಿದ ಮೇಲೆ ಕಾವಲು ತಾನಾಗಿ ಏಳಬೇಕು, ಯಾರೂ ಬಂದು ಗುಂಡಿ ಒತ್ತಬಾರದು. ಅದಕ್ಕೇ ಅವಳು ಕಾವಲಿಗೆ ಒಂದು ಅಭ್ಯಾಸ ಕಲಿಸಿದ್ದಳು. ಎದ್ದ ಕೂಡಲೇ ಗಂಟೆಯನ್ನು ಒಂದೇ ಒಂದು ಸಲ ಬಾರಿಸಬೇಕು. ಟಿಣ್. 'ಎದ್ದೆ' ಅಂತ ಅದರ ಅರ್ಥ. ಕರೆಂಟು ಬಂದಾಗ ಅವಳು ಎಲ್ಲಿದ್ದರೂ ಕಿವಿ ನಿಮಿರಿಸಿ ಮೂರು ಟಿಣ್ ಕೇಳಿಸಿಕೊಂಡೇ ಮುಂದಿನ ಮಾತಾಡುತ್ತಿದ್ದಳು.

ಮೂರೂ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಯಂತ್ರಗಳೇ. ಹಾಗಂತ ಮೂರೂ ಒಂದೇ ಅಲ್ಲ. ರಕ್ತನಿಧಿಯದ್ದು ಈಚೆಗೆ ಕೊಂಡ ಹೊಸದು. ಹೆರಿಗೆ ವಾರ್ಡಿನದು ಯಾವುದೋ ಕಾಲದಲ್ಲಿ ಯಾರೋ ಪುಣ್ಯಾತ್ಮರು ದಾನ ಕೊಟ್ಟದ್ದು. ಫ್ರಿಜ್ಜಿನ ಉಷ್ಣಮಾಪಕದ ತಂತಿ ಅದಕ್ಕೆ ಮಾತ್ರ ಒಗ್ಗುತ್ತಿತ್ತು, ತಂತಿ ಮಾಡಿದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯಿತೋ. ಆಪರೇಷನ್ ಕಟ್ಟಡದ್ದು ಅಂಗೈಯಗಲದ ಪುಟ್ಟ ಡಬ್ಬಿ. ಕರೆಂಟು ಬಂದ ಮೇಲೆ ಯಾವ ಲಿನಕ್ಸ್ ಯಂತ್ರದಲ್ಲಾದರೂ ಎಲ್ಲಕ್ಕಿಂತ ಮೊದಲು ಏಳುವ ಕೆಲಸಗಾರ ಒಬ್ಬನಿರುತ್ತಾನೆ. ಅವನಿಗೆ ಒಂದನೇ ನಂಬರು. ಉಳಿದವರನ್ನೆಲ್ಲ ಎಬ್ಬಿಸುವುದು ಅವನ ಕೆಲಸ. ಈ ಮೂರು ಯಂತ್ರಗಳಲ್ಲಿ ಆ ಒಂದನೇ ನಂಬರಿನವರು ಮೂರು ಬೇರೆ ಬೇರೆ ಆಸಾಮಿಗಳು. ಯಾರನ್ನು ಯಾವಾಗ ಎಬ್ಬಿಸಬೇಕೆಂದು ಒಬ್ಬನ ಭಾಷೆಯಲ್ಲಿ ಬರೆದಿಟ್ಟ ಚೀಟಿ ಇನ್ನೊಬ್ಬನಿಗೆ ಓದಲು ಬರುವುದಿಲ್ಲ.

ಕಲಿಯುವಾಗ ಉಳಿದವರಿಗೆ ತಲೆ ಚಿಟ್ಟು ಹಿಡಿದಿತ್ತು. ಇವಳಿಗೆ ಹಿಡಿಯಲಿಲ್ಲ, ಯಾಕೆಂದರೆ ಮೂರೂ ಅವಳಿಗೆ ಗೊತ್ತಿದ್ದ ಮನೆಗಳೇ. ಹುಟ್ಟಿ ಬೆಳೆದದ್ದು ಅಜ್ಜಿಯ ಮನೆಯಲ್ಲಿ. ಅಲ್ಲಿ ಅಜ್ಜಿ ಮೊದಲು ಎದ್ದು ಒಲೆ ಹೊತ್ತಿಸಬೇಕು, ಆಮೇಲೆ ಚಿಕ್ಕಮ್ಮ ಎದ್ದು ನೀರು ತುಂಬಬೇಕು, ನೀರು ತುಂಬಿದ ಮೇಲೆ ಮಾವ, ಮಾವ ಬಾಗಿಲು ತೆಗೆದ ಮೇಲೆ ಮಕ್ಕಳು. ಸಾಲು ತಪ್ಪುವ ಹಾಗಿಲ್ಲ. ಹೆರಿಗೆ ವಾರ್ಡಿನ ಯಂತ್ರದಲ್ಲಿ ಒಂದನೇ ನಂಬರು ಇನಿಟ್ ಎಂಬ ಹಳಬ, ಅಲ್ಲೂ ಅದೇ ಸಂಪ್ರದಾಯ, ಸಾಲಾಗಿ ಒಬ್ಬರಾದ ಮೇಲೆ ಒಬ್ಬರು. ಅದಕ್ಕೇ ಅದು ಎಲ್ಲಕ್ಕಿಂತ ತಡವಾಗಿ ಏಳುತ್ತಿತ್ತು. ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆಯ ದರ್ಬಾರು. "ಏಳ್ರೋ ಎಲ್ಲಾ!" ಎಂದು ಒಂದೇ ಕೂಗು. ನೀರು ಬೇಕಾದವರು ನೀರಿಗೆ ಕಾಯಲಿ, ಬೇಡದವರು ಕೆಲಸ ಹಿಡಿಯಲಿ. ಯಾರಾದರೂ ಮತ್ತೆ ಮಲಗಿದರೆ ಅತ್ತೆಗೆ ತಕ್ಷಣ ಗೊತ್ತು, ಮತ್ತೆ ಎಬ್ಬಿಸುವಳು. ರಕ್ತನಿಧಿಯ ಒಂದನೇ ನಂಬರು ಸಿಸ್ಟಮ್‌ಡಿ, ಥೇಟ್ ಅತ್ತೆ. ಎಲ್ಲವೂ ತನ್ನ ಕಣ್ಣ ಕೆಳಗೇ ನಡೆಯಬೇಕು, ಆದರೆ ಕೆಲಸ ಚುರುಕು, ಅದನ್ನು ಇಲ್ಲ ಅನ್ನುವ ಹಾಗಿಲ್ಲ. ಇನ್ನು ಪುಟ್ಟ ಡಬ್ಬಿಯ ಓಪನ್‌ಆರ್‌ಸಿ ಅವಳು ಕೆಲಕಾಲ ಇದ್ದ ಅಕ್ಕನ ಮನೆ. ಇರುವುದೇ ಇಬ್ಬರು, ಸಾಮಾನು ಕಡಿಮೆ. ಯಾರಿಗೆ ಯಾರ ಆಸರೆ ಬೇಕು ಎಂದು ಮೊದಲೇ ಹೇಳಿಟ್ಟರೆ ಸಾಕು, ಗಲಾಟೆಯಿಲ್ಲದೆ ಎದ್ದು ಕೆಲಸಕ್ಕೆ ಹತ್ತುವರು.

"ಮೂರು ಮನೆಯಲ್ಲಿ ಬಾಳಿದೋಳು ನಾನು. ಮೂರು ಚೀಟಿ ಬರೆಯೋದು ಏನು ಮಹಾ?" ಎನ್ನುತ್ತಿದ್ದಳು. ಮೂರು ಬರೆದೇ ಇಟ್ಟಿದ್ದಳು. ಕಾವಲನ್ನು ಯಾವ ಯಂತ್ರದಲ್ಲಿ ಕೂರಿಸಿದರೂ ಅದು ಮೊದಲು ಕೇಳುವ ಪ್ರಶ್ನೆ ಒಂದೇ: ಇಲ್ಲಿ ಒಂದನೇ ನಂಬರು ಯಾರು? ಉತ್ತರ ಬಂದ ಮೇಲೆ ಅವನಿಗೆ ತಕ್ಕ ಚೀಟಿ.

ಅಷ್ಟಕ್ಕೂ ಅವಳು ಚೀಟಿಯನ್ನೇ ನಂಬುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಎದ್ದು ನಿಂತು, ಸೆರಗು ಸಿಕ್ಕಿಸಿಕೊಂಡು, ಗೋಡೆಯಿಂದ ಯಂತ್ರದ ಪ್ಲಗ್ ಕಿತ್ತುಬಿಡುವಳು. ನೋಡಿದವರು ಎದೆ ಹಿಡಿದುಕೊಳ್ಳುವರು. ಮತ್ತೆ ಸಿಕ್ಕಿಸಿ, ಕೈಕಟ್ಟಿ ನಿಂತು, ಟಿಣ್ ಕೇಳಿದ ಮೇಲೆಯೇ "ಹೂಂ" ಅನ್ನುವಳು. ಒಮ್ಮೆ ಒಬ್ಬ ವ್ಯಾಪಾರಿ ಹೊಳೆಹೊಳೆಯುವ ಬ್ಯಾಟರಿ ಪೆಟ್ಟಿಗೆ ತಂದು, ಕರೆಂಟು ಹೋದರೂ ಕಂಪ್ಯೂಟರು ಆರುವುದಿಲ್ಲ ಎಂದು ಹೊಗಳಿದ್ದೇ ಹೊಗಳಿದ್ದು. ಇವಳು ಮಾತು ಕೇಳುತ್ತಲೇ ಪ್ಲಗ್ ಕಿತ್ತಳು. ಪೆಟ್ಟಿಗೆ 'ಕಿಯ್' ಎಂದು ಪ್ರಾಣ ಬಿಟ್ಟಿತು. ಅವನು ಪೆಟ್ಟಿಗೆ ಎತ್ತಿಕೊಂಡು ಹಿಂದೆ ನೋಡದೆ ಹೋದ.

"ಓಡ್ತಿರೋದು ಬೇರೆ, ಬಿದ್ದು ಏಳೋದು ಬೇರೆ. ನನಗೆ ಬಿದ್ದು ಎದ್ದದ್ದನ್ನ ತೋರಿಸಿ," ಅದು ಅವಳ ಮಾತು.

ಇಂಥವಳ ಮೇಲೆ ಹೊಸ ಸಾಹೇಬರು ಬಂದರು. ಕಂಪ್ಯೂಟರು ವಿಭಾಗಕ್ಕೆ ಮುಖ್ಯಸ್ಥರು. ಇವಳಿಗಿಂತ ಚಿಕ್ಕವರು, ಒಗೆದಿಟ್ಟಂಥ ಮಾತು, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಅವರಿಗೆ 'ಒಂದೇ ಸಾಹೇಬರು' ಎಂದು ಹೆಸರು ಬಿತ್ತು, ಯಾಕೆಂದರೆ ಬಾಯಿ ತೆರೆದರೆ ಎಲ್ಲ ಒಂದೇ ಆಗಬೇಕು: ಒಂದೇ ಮಾದರಿ, ಒಂದೇ ವಿಧಾನ, ಒಂದೇ ಚೀಟಿ. ಸುಮ್ಮನೆ ಹೇಳಬಾರದು, ಆ ಮಾತಿನಲ್ಲಿ ಅರ್ಥವೂ ಇತ್ತು. ಮೂರು ಬಗೆ ಇದ್ದರೆ ಅದನ್ನು ಬಲ್ಲವಳು ಒಬ್ಬಳೇ ಇರುತ್ತಾಳೆ. ಅವಳು ಜ್ವರ ಬಂದು ಮಲಗಿದರೆ ಆಸ್ಪತ್ರೆಯ ಗತಿ?

ಸಭೆ ಕರೆದರು. "ಮೇಡಂ, ಕಾವಲಿನಲ್ಲಿ ಮೂರು ಬಗೆಯ ಚೀಟಿ ಯಾಕೆ? ಸಿಸ್ಟಮ್‌ಡಿಯದ್ದು ಒಂದಿಟ್ಟು ಉಳಿದೆರಡನ್ನ ಅಳಿಸಿಬಿಡೋಣ. ಮುಂದಿನ ವಾರ ದೊಡ್ಡ ಡಾಕ್ಟರು ನೋಡೋಕೆ ಬರ್ತಾರೆ. ಎಲ್ಲಾ ಒಂದೇ ಆಗಿದೆ ಅಂತ ನೀವು ಹೂಂ ಅಂದ್ರೆ ಸಾಕು."

"ಯಂತ್ರ ಮೂರನ್ನೂ ಒಂದೇ ಮಾಡಿ, ನಾನೇ ಖುಷಿಯಿಂದ ಅಳಿಸ್ತೀನಿ. ಹೆರಿಗೆ ವಾರ್ಡಿಗೆ ಹೊಸ ಯಂತ್ರ, ಹೊಸ ತಂತಿ ತರಿಸಿ."

"ಅದು ಮುಂದೆ ನೋಡೋಣ. ಈಗ ಇರೋದ್ರಲ್ಲೇ ಆಗುತ್ತೆ. ಪರೀಕ್ಷೆ ಮಾಡಿದೀನಿ, ಹೆರಿಗೆ ವಾರ್ಡಿನ ಯಂತ್ರದಲ್ಲೂ ಸಿಸ್ಟಮ್‌ಡಿಯ ಆಜ್ಞೆ ಇದೆ."

"ಆಜ್ಞೆ ಇದೆ ಸಾರ್, ಆಳಿಲ್ಲ. ಆ ಬಗೆಯ ಲಿನಕ್ಸ್‌ನಲ್ಲಿ ಹೊಸದನ್ನೂ ತಂದು ಇಟ್ಟಿರ್ತಾರೆ, ಆದ್ರೆ ಎಬ್ಬಿಸೋದು ಹಳಬನೇ. ಬಾಗಿಲಲ್ಲಿ ಕರೆಗಂಟೆ ಇದೆ ಅಂದ ಮಾತ್ರಕ್ಕೆ ಒಳಗೆ ಜನ ಇದಾರೆ ಅಂತಲ್ಲ. ಒಂದನೇ ನಂಬರು ಯಾರು ಅಂತ ಕೇಳಿದ್ರಾ?"

ಸಾಹೇಬರು ಮುಗುಳ್ನಕ್ಕರು. ಆ ನಗು ಅವಳಿಗೆ ಬೆಂಕಿ ಹತ್ತಿಸಿತು.

"ಆಯ್ತು, ಹೂಂ ಅಂತೀರೋ ಇಲ್ವೋ?"

"ಇಲ್ಲ."

ಅತ್ತೆ ಇದ್ದ ಕಾಲದಲ್ಲಿ "ಇವಳ ಬಾಯಿಂದ ಒಂದು ಹೂಂ ಹೊರಡಿಸೋಕೆ ಹೆರಿಗೆ ನೋವು ತಿನ್ನಬೇಕು" ಎನ್ನುತ್ತಿದ್ದಳು. ಅತ್ತೆಯ ಮಾತು ಸುಳ್ಳಲ್ಲ.

ಸಾಹೇಬರು ಜಗಳವಾಡಲಿಲ್ಲ. ತಮ್ಮ ಕೋಣೆಯಲ್ಲಿ ಕೂತು ಒಂದೇ ಏಟಿಗೆ ಮೂರು ಯಂತ್ರಕ್ಕೂ ಹೊಸ ಚೀಟಿ ಕಳಿಸಿದರು. ಆಪರೇಷನ್ ಕಟ್ಟಡದ ಪುಟ್ಟ ಡಬ್ಬಿಯಲ್ಲಿ ಆ ಆಜ್ಞೆಯೇ ಇರಲಿಲ್ಲ. ಅದು 'ಇಲ್ಲ' ಅಂದಿತು, ಪರದೆಯ ಮೇಲೆ ಕೆಂಪು ಬಂತು, ಅದನ್ನು ಹಾಗೇ ಬಿಟ್ಟರು. ಇದ್ದ ಚೀಟಿಯಿಂದಲೇ ಅದು ಕೆಲಸ ಮುಂದುವರಿಸಿತು. ರಕ್ತನಿಧಿಯದ್ದಕ್ಕೆ ಅದು ಹೇಗೂ ತನ್ನದೇ ಚೀಟಿ. ಹೆರಿಗೆ ವಾರ್ಡಿನ ಯಂತ್ರವೂ ಚೀಟಿ ಇಸಕೊಂಡು ಹೂಂ ಅಂದಿತು. ಹಸಿರು ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! ಹಸಿರು ನೋಡಿದ ಸಾಹೇಬರು ಅವಳ ಹಳೇ ಚೀಟಿಯನ್ನು ಅಲ್ಲಿಂದ ಅಳಿಸಿದರು. ಕಾವಲು ಆಗಲೇ ಎದ್ದು ಓಡುತ್ತಿತ್ತಲ್ಲ, ಅದು ಓಡುತ್ತಲೇ ಇತ್ತು. ಇನ್ನು ಕರೆಂಟು ಹೋಗಿ ಬಂದಾಗ ಅದನ್ನು ಎಬ್ಬಿಸುವವರು ಯಾರೂ ಇರಲಿಲ್ಲ.

ಅವಳು ಸಾಹೇಬರ ಕೋಣೆಗೆ ಹೋಗಿ ಇದನ್ನೇ ಹೇಳಿದಳು. ಬಾಗಿಲಲ್ಲಿ ಹೇಳಿದಳು, ಮೆಟ್ಟಿಲಲ್ಲಿ ಹೇಳಿದಳು, ಊಟದ ಮನೆಯಲ್ಲಿ ಅವರ ಎದುರು ತಟ್ಟೆ ಇಟ್ಟುಕೊಂಡು ಹೇಳಿದಳು. "ನೋಡಿ, ಓಡ್ತಾ ಇದೆಯಲ್ಲ ಮೇಡಂ," ಎಂದರು ಅವರು ಪ್ರತಿ ಸಲವೂ. ಮರುದಿನ ಕಂಪ್ಯೂಟರಿನ ಮುಂದೆ ಕೂತರೆ ಅವಳ ಪಾಸ್‌ವರ್ಡ್ ನಡೆಯಲಿಲ್ಲ. ಬದಲಿಸಿದ್ದರು.

ಆ ದಿನ ಮನೆಗೆ ಬಂದವಳು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ಕೂತಳು. ಗಂಡ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದ. ಈಚೆಗೆ ಅವನಿಗೆ ಕಣ್ಣು ಮಂಜಾಗಿತ್ತು, ಕೆಲಸ ಅರ್ಧಕ್ಕಿಳಿದಿತ್ತು. ಮನೆ ನಡೆಯುತ್ತಿದ್ದದ್ದು ಇವಳ ಸಂಬಳದಲ್ಲಿ. ಅವಳು ಸೂಜಿ ಇಸಕೊಂಡು ದಾರ ಪೋಣಿಸಿ ಕೊಟ್ಟಳು.

"ನಾಳಿದ್ದು ದೊಡ್ಡ ಡಾಕ್ಟರು ಬರ್ತಾರೆ. ಅವರೆದುರಿಗೇ ಪ್ಲಗ್ ಕೀಳ್ತೀನಿ."

"ಕೆಲಸ ಹೋಗುತ್ತಲ್ಲೇ."

"ಹೋಗುತ್ತೆ."

"ನಿನಗೆ ಹೆದರಿಕೆ ಆಗಲ್ವಾ?"

"ಆಗುತ್ತೆ ಕಣ್ರೀ! ಅವರು ಮುಗುಳ್ನಗೋದು ನೆನಪಾದ್ರೆ ಅಳು ಬರುತ್ತೆ, ಸಿಟ್ಟಿಗೆ. ಆದ್ರೆ ಆ ವಾರ್ಡಲ್ಲಿ ಮಲಗಿರೋ ಹುಡುಗಿಯರನ್ನ ನೆನೆಸಿಕೊಂಡ್ರೆ ಇನ್ನೂ ಜಾಸ್ತಿ ಹೆದರಿಕೆ ಆಗುತ್ತೆ. ಏನು ಮಾಡ್ಲಿ ಹೇಳಿ? ಸುಮ್ಮನಿರು ಅಂತೀರಾ?"

ದರ್ಜಿ ಹೊಲಿಗೆ ಮೆಷಿನ್ನಿನ ಚಕ್ರವನ್ನು ಒಂದು ಸುತ್ತು ತಿರುಗಿಸಿದ. "ನೀನು ಹಿಡಿದ ಮೊಲಕ್ಕೆ ಯಾವಾಗ್ಲೂ ಮೂರೇ ಕಾಲು," ಎಂದ. ಆಮೇಲೆ ಇನ್ನೊಂದು ಸೂಜಿ ಅವಳ ಕೈಗಿಟ್ಟು, "ಇದಕ್ಕೂ ಪೋಣಿಸಿಡು. ಎರಡು ದಿನದ ಕೆಲಸ ಇದೆ ನನಗೆ," ಎಂದ. ಅವನ ಕಡೆಯಿಂದ ಒಪ್ಪಿಗೆ ಬರುವ ರೀತಿಯೇ ಹಾಗೆ.

ದೊಡ್ಡ ಡಾಕ್ಟರು ಆಸ್ಪತ್ರೆಗೆಲ್ಲ ಹಿರಿಯರು. ಮಧ್ಯಾಹ್ನದ ಹೊತ್ತಿಗೆ ಹೆರಿಗೆ ವಾರ್ಡಿಗೆ ಬಂದರು, ಹಿಂದೆ ಒಂದೇ ಸಾಹೇಬರು. ಫ್ರಿಜ್ಜಿನ ಕೋಣೆ ಇಕ್ಕಟ್ಟು. ಒಂದು ಮೇಜು, ಹಳೇ ಯಂತ್ರ, ಗೋಡೆಯ ಮೇಲೆ ಗಂಟೆ, ಮೂಲೆಯಲ್ಲಿ ತೊಳೆದಿಟ್ಟ ಬಕೆಟ್ಟುಗಳು. ಪಕ್ಕದ ಕೋಣೆಯಿಂದ ಎಳೇ ಮಗುವಿನ ಅಳು ಕೇಳುತ್ತಿತ್ತು. ಎಬ್ಬಿಸೋ ಅಕ್ಕ ಮೊದಲೇ ಬಂದು, ವಾರ್ಡಿನ ಸಿಸ್ಟರಿಗೆ ಒಂದು ಕೈ ಉಷ್ಣಮಾಪಕ ಕೊಟ್ಟು, ಫ್ರಿಜ್ಜಿನ ಪಕ್ಕ ನಿಲ್ಲಿಸಿದ್ದಳು. "ನಾನು ಕೀಳೋದು ಕಾವಲಿನ ಪ್ಲಗ್, ಫ್ರಿಜ್ಜಿನದ್ದಲ್ಲ. ರಕ್ತಕ್ಕೆ ಏನೂ ಆಗಲ್ಲ. ಆದ್ರೂ ನೀವು ಕಣ್ಣಿಟ್ಟಿರಿ," ಎಂದಿದ್ದಳು.

"ಇಲ್ಲೂ ಒಂದೇ ಮಾದರಿ ಆಗಿದೆ ಸಾರ್," ಎಂದರು ಸಾಹೇಬರು. "ಕಾವಲು ಓಡ್ತಾ ಇದೆ."

"ಓಡ್ತಾ ಇದೆ. ಬಿದ್ರೆ ಏಳಲ್ಲ," ಎಂದಳು ಅಕ್ಕ.

ದೊಡ್ಡ ಡಾಕ್ಟರು ತಿರುಗಿ ನೋಡುವಷ್ಟರಲ್ಲಿ ಅವಳು ಸೆರಗು ಸಿಕ್ಕಿಸಿ ಬಗ್ಗಿಯಾಗಿತ್ತು. ಪ್ಲಗ್ ಕಿತ್ತಳು. ಪರದೆ ಕಪ್ಪಾಯಿತು.

"ಮೇಡಂ! ಏನು ಮಾಡ್ತಿದೀರಿ!" ಸಾಹೇಬರ ಒಗೆದಿಟ್ಟ ದನಿ ಮೊದಲ ಸಲ ಸುಕ್ಕಾಯಿತು.

"ಕರೆಂಟು ಮಾಡೋ ಕೆಲಸಾನೇ ಮಾಡ್ತಿದೀನಿ. ಅದು ನಿಮ್ಮನ್ನ ಕೇಳಿ ಹೋಗುತ್ತಾ?"

ಮತ್ತೆ ಸಿಕ್ಕಿಸಿದಳು. ಫ್ಯಾನು ಗುಂಯ್‌ಗುಟ್ಟಿತು. ಪರದೆಯ ಮೇಲೆ ಸಾಲುಗಳು ಒಂದರ ಹಿಂದೊಂದು ಹತ್ತಿದವು, ಅಜ್ಜಿ, ಚಿಕ್ಕಮ್ಮ, ಮಾವ. ಕೊನೆಗೆ ಹೆಸರು ಕೇಳುವ ಸಾಲು ಬಂದು ಮಿಣಮಿಣ ಎಂದು ನಿಂತಿತು.

"ಎದ್ದಿದೆಯಲ್ಲ," ಎಂದರು ಸಾಹೇಬರು ಉಸಿರು ಬಿಟ್ಟು.

"ಮನೆಯಲ್ಲಿ ದೀಪ ಹತ್ತಿದೆ. ಕಾವಲುಗಾರ ಎಲ್ಲಿ?"

ಎಲ್ಲರೂ ಗೋಡೆಯ ಗಂಟೆಯನ್ನು ನೋಡಿದರು. ಪಕ್ಕದ ಕೋಣೆಯ ಮಗು ಅಳು ನಿಲ್ಲಿಸಿತ್ತು. ಟಿಣ್ ಎನ್ನಬೇಕಾದದ್ದು ಟಿಣ್ ಎನ್ನಲಿಲ್ಲ. ಸಾಹೇಬರು ಮುಂದೆ ಬಂದು ಕೀಲಿಮಣೆ ಎಳೆದುಕೊಂಡು, ಹೆಸರು ಪಾಸ್‌ವರ್ಡ್ ಹಾಕಿ, ತಮ್ಮ ಆಜ್ಞೆ ಕೊಟ್ಟರು. ಪರದೆಯ ಮೇಲೆ ಒಂದೇ ಸಾಲಿನ ಉತ್ತರ ಬಂತು. ಈ ಯಂತ್ರವನ್ನು ಎಬ್ಬಿಸಿದ್ದು ಸಿಸ್ಟಮ್‌ಡಿ ಅಲ್ಲ, ಹಾಗಾಗಿ ಏನೂ ಮಾಡಲಾಗದು. ಅದನ್ನು ಅವರು ಎರಡು ಸಲ ಓದಿದರು. ಕಿವಿ ಕೆಂಪಾಯಿತು, ಆದರೆ ಮುಖ ತಿರುಗಿಸಲಿಲ್ಲ. ಅವರ ಬಗ್ಗೆ ಅಷ್ಟು ಒಳ್ಳೆಯದನ್ನು ಹೇಳಲೇಬೇಕು.

"ಮೊದಲು ಇದನ್ನ ಸರಿ ಮಾಡಿ," ಎಂದರು ದೊಡ್ಡ ಡಾಕ್ಟರು.

ಸಾಹೇಬರು ಸರಿದು ಜಾಗ ಬಿಟ್ಟರು. ಅಕ್ಕ ಕೂತು ಹಳೇ ಚೀಟಿಯನ್ನು ಅದರ ಜಾಗಕ್ಕೆ ತಂದಿಟ್ಟಳು, ಸಾಲಿನಲ್ಲಿ ಅದಕ್ಕೊಂದು ಸ್ಥಾನ ಕೊಟ್ಟಳು. ಎದ್ದು ಸಾಹೇಬರತ್ತ ನೋಡಿ, "ಈಗ ನೀವು ಕೀಳಿ," ಎಂದಳು.

"ನಾನಾ?"

"ನನ್ನ ಮಾತನ್ನೂ ನಂಬಬೇಡಿ. ಕೀಳಿ."

ಅವರು ಬಗ್ಗಿದರು. ಪ್ಲಗ್ ಬಿಗಿಯಾಗಿತ್ತು, ಎರಡು ಕೈ ಹಾಕಬೇಕಾಯಿತು. ಕತ್ತಲೆ, ಮತ್ತೆ ಫ್ಯಾನು, ಮತ್ತೆ ಸಾಲುಗಳು, ಮತ್ತೆ ಆ ಮಿಣಮಿಣ. ಆಮೇಲೆ, ಎಲ್ಲರೂ ಆಸೆ ಬಿಡುವ ಹೊತ್ತಿಗೆ, ಟಿಣ್.

"ಅಯ್ಯಬ್ಬಾ!" ಎಂದಳು ಸಿಸ್ಟರು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಹಾರ ಹಾಕಿ, ಶಾಲು ಹೊದಿಸಿ, ಚಪ್ಪಾಳೆ ತಟ್ಟಿ. ಎಲ್ಲಿಯ ಮಾತು. ಅದೇ ಸಂಜೆ ದೊಡ್ಡ ಡಾಕ್ಟರು ಅವಳನ್ನು ಕೋಣೆಗೆ ಕರೆಸಿದರು. ಸಾಹೇಬರು ಕಿಟಕಿಯ ಹತ್ತಿರ ನಿಂತಿದ್ದರು.

"ನೋಡಮ್ಮ, ನೀನು ಹೇಳಿದ್ದು ಸರಿ ಇತ್ತು. ಆದ್ರೆ ಪಾಸ್‌ವರ್ಡ್ ಕಿತ್ತುಕೊಂಡ ಮೇಲೂ ಅಪ್ಪಣೆ ಇಲ್ಲದೆ ವಾರ್ಡಿಗೆ ನುಗ್ಗಿ ಪ್ಲಗ್ ಕಿತ್ತೆ. ನಾಳೆ ಸರಿ ಇಲ್ಲದವನೊಬ್ಬ ಇದೇ ಮಾಡಿದ್ರೆ? ಆಸ್ಪತ್ರೆ ನಡೆಸಬೇಕಲ್ಲ ನಾನು. ಇವರೆದುರು ಒಂದು ಸಲ 'ತಪ್ಪಾಯ್ತು' ಅಂದುಬಿಡು. ಇಲ್ಲಿಗೇ ಮುಗಿಸೋಣ."

ಅವಳು ನಿಂತೇ ಇದ್ದಳು. ಸೂಜಿ ದಾರ ನೆನಪಾಯಿತು. ಒಂದು ಮಾತು, ಅಷ್ಟೇ. ಅಂದುಬಿಟ್ಟರೆ ನಾಳೆ ಬೆಳಿಗ್ಗೆ ಯಥಾಪ್ರಕಾರ ಕಾಫಿ, ಯಥಾಪ್ರಕಾರ ಕೆಲಸ. ನಾಲಿಗೆಯ ತುದಿಗೂ ಬಂತು. ಬಂದು ಅಲ್ಲೇ ನಿಂತಿತು.

"ನಾನು ಹೇಳಿ ಹೇಳಿ ಸಾಕಾಗಿ ಕಿತ್ತೆ ಸಾರ್. ನೀವು ಬರೋ ಮುಂಚೆ ಕರೆಂಟು ಹೋಗಿದ್ರೆ? ಆ ತಪ್ಪನ್ನ ಯಾರು ಒಪ್ಪಿಕೊಳ್ತಿದ್ರು? ಕಿತ್ತಿದ್ದು ತಪ್ಪಲ್ಲ. ಮಾಡದ ತಪ್ಪಿಗೆ ತಪ್ಪಾಯ್ತು ಅನ್ನಲ್ಲ."

"ಹಾಗಾದ್ರೆ ನಾಳೆಯಿಂದ ಬರಬೇಡ."

"ಆಗ್ಲಿ," ಎಂದಳು. ತನ್ನ ಮೇಜಿನ ಡ್ರಾಯರಿನಿಂದ ಊಟದ ಡಬ್ಬಿ, ಕನ್ನಡಕದ ಪೆಟ್ಟಿಗೆ ತೆಗೆದುಕೊಂಡು ಹೊರಟಳು.

ಮನೆಯಲ್ಲಿ ಕೂತರೆ ನಿದ್ದೆ ಬರುತ್ತದೆ ಎಂದುಕೊಂಡಿದ್ದಳು. ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಗಂಡನಿಗಿಂತ ಮೊದಲು ಏಳತೊಡಗಿದಳು. ದರ್ಜಿಗೆ ಗಾಬರಿ. "ಮೈಗೆ ಸರಿ ಇಲ್ವೇನೇ?" ಎಂದು ಹಣೆ ಮುಟ್ಟಿ ನೋಡಿದ. ಅವಳ ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ. ಅವಳು ಕೂರಿಸಿ ಬಂದ ಚೀಟಿಯನ್ನು ಅಲ್ಲೇ ಉಳಿಸಿದ್ದಾರೋ, ಅಥವಾ ಮತ್ತೆ 'ಒಂದೇ' ಮಾಡಲು ಹೋಗಿ ಅಳಿಸಿದ್ದಾರೋ? ಕೇಳಲು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಹೂಂ ಅನ್ನುವವರ ಮಾತು ಯಾರಿಗೆ ಬೇಕು?

ಒಂದು ಮಧ್ಯಾಹ್ನ ಹೊಲಿಗೆ ಕೋಣೆಯ ದೀಪ ಆರಿತು, ಫ್ಯಾನು ನಿಂತಿತು. ಬೀದಿಯುದ್ದಕ್ಕೂ "ಹೋಯ್ತು" ಎಂಬ ಗೊಣಗು. ಅವಳು ಎದ್ದಳು. ಚಪ್ಪಲಿ ಸಿಕ್ಕಿಸಿಕೊಂಡು ಹೆಚ್ಚುಕಡಿಮೆ ಓಡಿದಳು. ಆಸ್ಪತ್ರೆ ಎರಡು ತಿರುವಿನ ಆಚೆ. ಗೇಟಿನ ಕಾವಲುಗಾರ ಅವಳನ್ನು ನೋಡಿ ಸಂಕಟದಿಂದ ಕೈ ಅಡ್ಡ ಹಿಡಿದ.

"ಒಳಗೆ ಬಿಡೋ ಹಾಗಿಲ್ಲ ಅಕ್ಕ. ನನ್ನ ಮೇಲೆ ಬರುತ್ತೆ."

"ಒಳಗೆ ಯಾರಿಗಪ್ಪ ಬೇಕು. ಇಲ್ಲೇ ಕೇಳ್ಸುತ್ತೆ. ಸ್ವಲ್ಪ ಸುಮ್ಮನಿರು."

ಜನರೇಟರು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಕಿಟಕಿಗಳಲ್ಲಿ ಬೆಳಕು ಬಂತು. ಮುಖ್ಯ ಕಟ್ಟಡದಿಂದ ಟಿಣ್. ಅದು ಅತ್ತೆ. ಆಪರೇಷನ್ ಕಟ್ಟಡದಿಂದ, ಸಣ್ಣ ದನಿಯಲ್ಲಿ, ಟಿಣ್. ಅದು ಅಕ್ಕನ ಮನೆ.

ಆಮೇಲೆ ಏನೂ ಇಲ್ಲ.

"ಮುಗೀತಾ?" ಎಂದ ಕಾವಲುಗಾರ.

"ಇಲ್ಲ." ಗೇಟಿನ ಕಬ್ಬಿಣವನ್ನು ಎರಡು ಕೈಯಲ್ಲಿ ಹಿಡಿದಿದ್ದಳು. ಅಜ್ಜಿ ಎದ್ದಿರುತ್ತಾಳೆ, ಒಲೆ ಹತ್ತಿರುತ್ತದೆ. ಚಿಕ್ಕಮ್ಮ ನೀರು ತುಂಬುತ್ತಿರಬೇಕು. ಮಾವ ಯಾವತ್ತೂ ತಡ. ಒಂದು ಆಂಬುಲೆನ್ಸ್ ಹಾರ್ನ್ ಹೊಡೆದು ಒಳಗೆ ಹೋಯಿತು, ಅವಳಿಗೆ ಅದನ್ನು ಹಿಡಿದು ಬಾಯಿ ಮುಚ್ಚಿಸಬೇಕೆನ್ನಿಸಿತು. ಏಳು, ತಾಯಿ, ಏಳು. ಕಣ್ಣಲ್ಲಿ ನೀರು ಬಂತು, ಒರೆಸಲು ಕೈ ಬಿಡಲಿಲ್ಲ.

ಟಿಣ್.

ಹೆರಿಗೆ ವಾರ್ಡಿನ ಕಿಟಕಿಯಲ್ಲಿ ಒಂದು ತಲೆ ಕಾಣಿಸಿತು. ಒಂದೇ ಸಾಹೇಬರು. ಅವರೂ ಗಂಟೆಗಾಗಿಯೇ ಕಾದಿದ್ದವರ ಹಾಗೆ, ಸುಮ್ಮನಿರಿ ಎಂದು ಯಾರಿಗೋ ಎತ್ತಿದ್ದ ಕೈಯನ್ನು ಇನ್ನೂ ಇಳಿಸಿರಲಿಲ್ಲ. ಗೇಟಿನಲ್ಲಿ ಅವಳನ್ನು ಕಂಡರು. ಸ್ವಲ್ಪ ಹೊತ್ತಿನಲ್ಲಿ ಮೆಟ್ಟಿಲಿಳಿದು ಅಂಗಳ ದಾಟಿ ಬಂದರು.

"ನಿಮ್ಮ ಚೀಟಿ ಮುಟ್ಟಿಲ್ಲ ಮೇಡಂ. ಮೂರೂ ಹಾಗೇ ಇದೆ. ದಿನಕ್ಕೊಂದು ಪ್ಲಗ್ ನಾನೇ ಕೀಳ್ತಿದೀನಿ," ಎಂದರು. ಆಮೇಲೆ ಗೇಟಿನ ಚಿಲಕ ನೋಡುತ್ತ, "ನಿಮ್ಮ ಕುರ್ಚಿ ಖಾಲಿ ಇದೆ. ಬನ್ನಿ ಒಳಗೆ. ದೊಡ್ಡ ಡಾಕ್ಟರ ಹತ್ತಿರ ಆ ಒಂದು ಮಾತು ಅಂದುಬಿಟ್ರೆ..."

"ಯಾವ ಮಾತು?"

ಅವರು ಚಿಲಕ ತೆಗೆದು ಗೇಟನ್ನು ಅರ್ಧ ಸರಿಸಿದರು.

"ಆ ಮಾತು ಯಾರು ಹೇಳ್ಬೇಕು ಅಂತ ನೀವೂ ಅವರೂ ಕೂತು ತೀರ್ಮಾನ ಮಾಡಿ. ಅಲ್ಲೀವರೆಗೂ ಕುರ್ಚಿ ಖಾಲಿ ಇರ್ಲಿ. ನನ್ನ ಮನೆ ದಾರಿ ಗೊತ್ತಿದೆಯಲ್ಲ," ಎಂದಳು ಎಬ್ಬಿಸೋ ಅಕ್ಕ. ಕಾವಲುಗಾರನ ಭುಜ ತಟ್ಟಿ ಹೊರಟಳು.

ಮನೆಗೆ ಬಂದಾಗ ದರ್ಜಿ ಮತ್ತೆ ಹತ್ತಿದ ದೀಪದ ಕೆಳಗೆ ಗುಂಡಿ ಹೊಲಿಯುತ್ತಿದ್ದ. ಅವಳು ಚಾಪೆ ಬಿಡಿಸಿ, ದಿಂಬು ಎಳೆದುಕೊಂಡು, ನಡುಹಗಲಲ್ಲೇ ಮಲಗಿದಳು. ಕಣ್ಣು ಆಗಲೇ ಎಳೆಯುತ್ತಿತ್ತು.

"ಯಾರಾದ್ರೂ ಹುಡುಕಿಕೊಂಡು ಬಂದ್ರೆ?"

"ಬಂದ್ರೆ ಕಾಯ್ಲಿ."

"ಎಬ್ಬಿಸ್ಲಾ?"

"ಎಬ್ಬಿಸಬೇಡಿ," ಎಂದಳು ಅವಳು. "ನಾನಾಗೇ ಏಳ್ತೀನಿ."